ಊದಲೊಲ್ಲದ ಓಸ್ಮೊ

ಜೂನ್ ತಿಂಗಳ ಮೊದಲ ಶನಿವಾರ ಬೇರೆ ಯಾರು ಬೇಕಾದರೂ ಡ್ಯೂಟಿ ಮಾಡಲಿ, ತಾನು ಮಾತ್ರ ಮಾಡುವುದಿಲ್ಲ ಎಂದು ರೈಲಾ ಪ್ರತಿ ವರ್ಷ ಮೇ ತಿಂಗಳಲ್ಲಿ ಶಪಥ ಮಾಡುತ್ತಿದ್ದಳು. ಜೂನ್ ಮೊದಲ ಶನಿವಾರ ಬಂತೆಂದರೆ ಅದೇ ನೀಲಿ ಅಂಗಿ ತೊಟ್ಟು, ಉಸಿರಿನಲ್ಲಿರುವ ಹೆಂಡ ಅಳೆಯುವ ಊದುವ ಮೀಟರನ್ನು ಎದೆಯ ಜೇಬಿಗೆ ಸಿಕ್ಕಿಸಿಕೊಂಡು, ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ನಿಂತಿರುತ್ತಿದ್ದಳು. ಉಳಿದ ನರ್ಸ್‌ಗಳಿಗೆಲ್ಲ ಆ ದಿನ ರಜೆ ಬೇಕು. ಒಬ್ಬಳ ಅಕ್ಕನ ಮಗಳು ಹೈಸ್ಕೂಲು ಮುಗಿಸಿರುತ್ತಾಳೆ, ಇನ್ನೊಬ್ಬಳ ತಮ್ಮ ಬಿಳಿ ಟೋಪಿ ಹಾಕಿಕೊಂಡಿರುತ್ತಾನೆ. ರೈಲಾಳ ಮನೆಯಲ್ಲಿ ಇದ್ದದ್ದು ಒಂದು ಬೆಕ್ಕು. ಅದು ಯಾವ ಪರೀಕ್ಷೆಯನ್ನೂ ಪಾಸು ಮಾಡಿರಲಿಲ್ಲ.

ಅಂದು ಊರಿಗೆ ಊರೇ ಹಬ್ಬ. ಶಾಲೆ ಮುಗಿಸಿದ ಮಕ್ಕಳ ತಲೆಯ ಮೇಲೆ ಬಿಳಿ ಟೋಪಿ, ಕೈಯಲ್ಲಿ ಕೆಂಪು ಗುಲಾಬಿ. ಮನೆಮನೆಯಲ್ಲಿ ಮೀನಿನ ಸ್ಯಾಂಡ್‌ವಿಚ್ ಕೇಕು, ಕಾಫಿ, ನೊರೆಯುಕ್ಕುವ ವೈನು. ಮಧ್ಯಾಹ್ನದ ಹೊತ್ತಿಗೆ ಆ ಹಬ್ಬದ ಒಂದು ಪಾಲು ರೈಲಾಳ ಬಾಗಿಲಿಗೆ ಬಂದು ಬೀಳುತ್ತಿತ್ತು. ದೋಣಿಕಟ್ಟೆಯಿಂದ ಜಾರಿ ಮೊಣಕಾಲು ಮುರಿದುಕೊಂಡವನು, ಭಾವಮೈದುನನ ಕೈಲಿ ಮೂಗು ಒಡೆಸಿಕೊಂಡವನು, ಹೊಸ ಟೋಪಿಯೊಳಗೇ ವಾಂತಿ ಮಾಡಿಕೊಂಡ ಹುಡುಗಿ. ಮಾರುವವರು ಒಂದು ಕಡೆ, ಸುರಿಯುವವರು ಒಂದು ಕಡೆ, ಕುಡಿಯುವವರು ಇನ್ನೊಂದು ಕಡೆ, ಒರೆಸುವ ಬಟ್ಟೆ ಮಾತ್ರ ಯಾವಾಗಲೂ ನಮ್ಮ ಕೈಯಲ್ಲಿ ಎಂದು ರೈಲಾ ಗೊಣಗುತ್ತಿದ್ದಳು. ಗೊಣಗುತ್ತಲೇ ಒರೆಸುತ್ತಿದ್ದಳು.

ಆ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಬಂದವರು ಯಾರೇ ಇರಲಿ, ಮೊದಲು ಮೀಟರಿಗೆ ಊದಬೇಕು. ಪಾದ್ರಿಯಾದರೂ ಸರಿ, ಪೊಲೀಸಾದರೂ ಸರಿ. ಎಲ್ಲರಿಗೂ ಒಂದೇ ನಿಯಮ ಇದ್ದರೆ ಯಾರಿಗೂ ಅವಮಾನವಿಲ್ಲ ಎಂಬ ಲೆಕ್ಕ.

“ನಾನೂ ಊದ್ಬೇಕಾ? ನಂಗೆ ಎಂಬತ್ತು ದಾಟಿದೆ ಕಣಮ್ಮ,” ಎಂದಳು ಆ ದಿನ ಮಣಿಕಟ್ಟು ಊದಿಸಿಕೊಂಡು ಬಂದಿದ್ದ ಹೆಲ್ಲೆವಿ ಅಜ್ಜಿ. ಮೊಮ್ಮಗನ ಪಾರ್ಟಿಯಲ್ಲಿ ಕುಣಿಯಲು ಹೋಗಿ ಬಿದ್ದಿದ್ದಳು. ಮುತ್ತಿನ ಸರ, ರೇಷ್ಮೆ ರವಿಕೆ, ತೊಡೆಯ ಮೇಲೆ ಡಬ್ಬಿಯಲ್ಲಿ ಕೇಕು.

“ಎಲ್ಲರೂ ಊದ್ತಾರೆ ಹೆಲ್ಲೆವಿ. ಒಂದೇ ಉಸಿರಲ್ಲಿ, ಉದ್ದಕ್ಕೆ.”

ಅಜ್ಜಿ ಊದಿದಳು. ಮೀಟರು ಒಂದೂ ಕಾಲು ತೋರಿಸಿತು. ಅರ್ಧ ದಾಟಿದರೇ ಗಾಡಿ ಓಡಿಸುವಂತಿಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅದನ್ನೇ ದಿಟ್ಟಿಸಿದಳು.

“ಅಯ್ಯೋ, ಈ ಮೀಟರ್ ಕೆಟ್ಟಿದೆ. ನಾ ಕುಡಿದಿದ್ದು ಬರೀ ಕಾಫಿ. ಕಾಫಿಗೆ ಅವ್ರೇನು ಸುರಿದ್ರೋ ನಾನೇನು ಕಂಡೆ?”

“ಎಷ್ಟು ಕಪ್ ಕಾಫಿ?”

“ಅದ್ನೆಲ್ಲ ಲೆಕ್ಕ ಇಡೋಕೆ ನಾನೇನು ಹೋಟ್ಲು ಇಟ್ಟಿದೀನಾ?” ಎಂದು ಅಜ್ಜಿ ಮೂತಿ ತಿರುಗಿಸಿದಳು.

ಊದದೆ ಒಳಗೆ ಬರುವವನು ಇಡೀ ಊರಿನಲ್ಲಿ ಒಬ್ಬನೇ ಇದ್ದ. ಅವನೇ ಓಸ್ಮೊ.

ಓಸ್ಮೊ ಹಿಂದೆ ಶಾಲಾ ಬಸ್ಸು ಓಡಿಸುತ್ತಿದ್ದ. ಆ ಬಸ್ಸುಗಳಿಗೆ ಒಂದು ಬೀಗವಿರುತ್ತದೆ. ಚಾಲಕ ಕೊಳವೆಗೆ ಊದಬೇಕು, ಉಸಿರಿನಲ್ಲಿ ಹೆಂಡವಿಲ್ಲದಿದ್ದರೆ ಮಾತ್ರ ಎಂಜಿನ್ ಶುರುವಾಗುತ್ತದೆ. ಒಂದು ಚಳಿಗಾಲದ ಬೆಳಿಗ್ಗೆ ಅದು ಶುರುವಾಗಲಿಲ್ಲ. ಮಕ್ಕಳೆಲ್ಲ ಹತ್ತಿ ಕೂತಿದ್ದರು. ಮುಂದಿನ ಸೀಟಿನಲ್ಲಿ ಅವನ ಮಗಳು ಪಿಹ್ಲಾ, ಎಂಟು ವರ್ಷದವಳು. ಯಂತ್ರ ಕೆಟ್ಟಿದೆ ಎಂದೇ ಅವಳು ತಿಳಿದಿದ್ದಳು. “ಅಪ್ಪ, ಇನ್ನೊಂದ್ಸಲ ಊದು,” ಎಂದಳು. ಅವನು ಊದಿದ. “ಇನ್ನೊಂದ್ಸಲ ಅಪ್ಪ, ಜೋರಾಗಿ.” ಮತ್ತೆ ಊದಿದ. ಹಿಂದಿನ ಸೀಟಿನ ದೊಡ್ಡ ಹುಡುಗರಿಗೆ ವಿಷಯ ಗೊತ್ತಾಗಿ ನಗತೊಡಗಿದರು. ಹುಡುಗರು ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಆ ಮಗು ಅಪ್ಪನನ್ನು ಹುರಿದುಂಬಿಸುತ್ತಲೇ ಇತ್ತು. ಅಂದಿನಿಂದ ಕೆಲಸವೂ ಹೋಯಿತು, ಮುಂದೆ ಸಂಸಾರವೂ ಹೋಯಿತು, ಉಳಿದದ್ದು ಬಾಟಲಿ ಮಾತ್ರ.

ಇದನ್ನೆಲ್ಲ ಅವನು ರೈಲಾಳಿಗೆ ಒಂದೇ ಸಲ ಹೇಳಿರಲಿಲ್ಲ. ಆ ಊರಿರುವ ಸಾವೋ ಸೀಮೆಯ ಗಂಡಸು ಯಾವುದನ್ನೂ ನೇರವಾಗಿ ಹೇಳುವುದಿಲ್ಲ. ಬಸ್ಸಿನ ಮಾತು ಒಂದು ಸಲ, ಮಗಳ ಮಾತು ಇನ್ನೊಂದು ಸಲ ಬಿದ್ದಾಗ, ಹುಡುಗರ ನಗುವಿನ ಮಾತು ಹಣೆಗೆ ಹೊಲಿಗೆ ಹಾಕುವಾಗ. ಆದರೆ ಅವನು ಮೊದಲ ಸಲ ಬಂದ ದಿನ, ಇದೊಂದೂ ಗೊತ್ತಿಲ್ಲದಾಗಲೇ, ಬಾಯಿಗೆ ಹಿಡಿದ ಕೊಳವೆಯನ್ನು ಕಂಡು ಅವನು ಗೋಡೆಯ ಕಡೆ ಹೊರಳಿದ ರೀತಿ ನೋಡಿ ರೈಲಾಳ ಕರುಳು ಚುರ್ ಎಂದಿತ್ತು. ಮೀಟರನ್ನು ಜೇಬಿಗೆ ಹಾಕಿಕೊಂಡು, “ಹೋಗ್ಲಿ ಬಿಡು. ಎಷ್ಟಿರ್ಬೋದು ಅಂತ ನೀನೇ ಹೇಳ್ಬಿಡು,” ಎಂದಿದ್ದಳು.

“ಎರಡೂವರೆ ಇರ್ಬೋದು,” ಎಂದಿದ್ದ ಓಸ್ಮೊ. “ಹೆಚ್ಚುಕಮ್ಮಿ ಆದ್ರೆ ಹೊಟ್ಟೇಲಿ ಹಾಕ್ಕೋ.”

ಅದೇ ರೂಢಿಯಾಯಿತು. ಓಸ್ಮೊ ಊದುವುದಿಲ್ಲ, ಹೇಳುತ್ತಾನೆ ಎಂಬುದು ಇಡೀ ವಿಭಾಗಕ್ಕೆ ಗೊತ್ತಾಯಿತು. ಅವನಿಗಾಗಿ ಬಟ್ಟೆ ಬೀರುವಿನ ಪಕ್ಕ ಒಂದು ಸ್ಟ್ರೆಚರ್ ಹಾಕುತ್ತಿದ್ದರು. ಎಚ್ಚರವಾದ ಮೇಲೆ ಒಂದು ಕಪ್ ಬ್ಲೂಬೆರಿ ಹಣ್ಣಿನ ಗಂಜಿ ಕೊಟ್ಟು ಕಳಿಸುತ್ತಿದ್ದರು. ಇನ್ನೊಂದು ವಿಚಿತ್ರವೆಂದರೆ, ಎಷ್ಟು ಕುಡಿದರೂ ಅವನ ನಾಲಿಗೆ ತೊದಲುತ್ತಿರಲಿಲ್ಲ. ಮೈ ನಿಲ್ಲುತ್ತಿರಲಿಲ್ಲ, ಮಾತು ಮಾತ್ರ ಪಾದ್ರಿಯ ಪ್ರವಚನದ ಹಾಗೆ ಸ್ಪಷ್ಟ. ಕುಡಿದಷ್ಟೂ ಸಭ್ಯನಾಗುತ್ತಿದ್ದ, “ತಮಗೆ ತೊಂದರೆ ಕೊಟ್ಟೆ” ಎಂದು ಕ್ಷಮೆ ಕೇಳುತ್ತಿದ್ದ.

ಏಪ್ರಿಲ್‌ನಲ್ಲಿ ಬಂದವನು ಗಂಜಿಯ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ್ದ: “ಪಿಹ್ಲಾಗೆ ಈ ಸಲ ಬಿಳಿ ಟೋಪಿ. ಕರೆದಿದಾಳೆ. ಒಂದು ತೊಟ್ಟು ಕುಡಿದಿದ್ರೂ ಬರ್ಬೇಡ, ಕುಡಿದು ಬಂದ್ರೆ ಅದೇ ಕೊನೆ, ಆಮೇಲೆ ನಂಗೆ ಅಪ್ಪ ಇಲ್ಲ ಅಂದ್ಕೋತೀನಿ ಅಂದಿದಾಳೆ.”

“ಹೋಗ್ತೀಯಲ್ಲ?”

“ಹೋಗ್ದೆ ಇರೋಕೆ ಆಗುತ್ತಾ? ಹೋಗೋಕೂ ಆಗ್ಬೇಕಲ್ಲ.”

ಅದಾದ ಮೇಲೆ ಮೇ ತಿಂಗಳು ಪೂರ್ತಿ ಓಸ್ಮೊ ಬರಲಿಲ್ಲ. ಬಟ್ಟೆ ಬೀರುವಿನ ಪಕ್ಕದ ಜಾಗ ಖಾಲಿಯೇ ಇತ್ತು. ರೈಲಾ ಆ ಜಾಗದ ಮುಂದೆ ಹಾದುಹೋಗುವಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದಳು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲಿ ದೃಷ್ಟಿ ತಾಗೀತೋ ಎಂಬ ಅಳುಕು.

ಹಾಗಾಗಿ ಆ ಶನಿವಾರ ಮಧ್ಯಾಹ್ನ ಆಂಬುಲೆನ್ಸಿನವರು ಸ್ಟ್ರೆಚರ್ ತಳ್ಳಿಕೊಂಡು ಬಂದು, “ರೈಲಾ, ನಿನ್ನ ನೆಂಟ ಬಂದ,” ಎಂದಾಗ ಅವಳಿಗೆ ಆದದ್ದು ಬೇಸರವಲ್ಲ, ಕೆಂಡದಂಥ ಸಿಟ್ಟು.

“ಎಲ್ಲಿ ಸಿಕ್ಕ?”

“ಮಾರ್ಕೆಟ್ ಚೌಕದ ಬಸ್ ಸ್ಟಾಪಲ್ಲಿ. ಬೆಂಚಿನಿಂದ ಕೆಳಗೆ ಬಿದ್ದಿದ್ದ. ಎಷ್ಟು ಹೊತ್ತು ಬಿದ್ದಿದ್ನೋ, ಜನ ನೋಡ್ಕೊಂಡು ಹೋಗಿದಾರೆ. ವಾಸನೆ ನೋಡು, ವೈನಲ್ಲೇ ಸ್ನಾನ ಮಾಡಿದಾನೆ.”

ಸೂಟು ಹಾಕಿದ್ದ. ಬೂಟಿಗೆ ಪಾಲಿಶ್ ಮಾಡಿದ್ದ. ಗಡ್ಡ ಬೋಳಿಸಿ, ಕೂದಲು ಕತ್ತರಿಸಿಕೊಂಡು, ಕುತ್ತಿಗೆಗೆ ಟೈ ಕಟ್ಟಿದ್ದ. ಬಲಗೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಒಂದು ಕೆಂಪು ಗುಲಾಬಿ. ಕೋಟಿನಿಂದ ವೈನಿನ ವಾಸನೆ ಗಪ್ಪೆಂದು ಹೊಡೆಯುತ್ತಿತ್ತು. ರೈಲಾಳನ್ನು ಕಂಡು ಅವನು ಏನೋ ಹೇಳಹೋದ. “ವ್ವ... ಮ್ಮ...” ಎಂದು ಬಾಯಿಯಲ್ಲಿ ಹಿಟ್ಟು ತುಂಬಿಕೊಂಡವನ ಹಾಗೆ ಉಲಿದ.

“ಮಾತಾಡ್ಬೇಡ,” ಎಂದಳು ರೈಲಾ. “ಒಂದು ದಿನ ಕಣೋ. ಒಂದೇ ಒಂದು ದಿನ ತಡ್ಕೊಳ್ಳೋಕಾಗ್ಲಿಲ್ವಾ ನಿಂಗೆ?”

ಅವನು ಮತ್ತೆ ಉಲಿದ. ಅವಳು ಕೇಳಿಸಿಕೊಳ್ಳಲಿಲ್ಲ. ಜೇಬಿನಲ್ಲಿ ಮೀಟರಿತ್ತು, ಆದರೆ ಓಸ್ಮೊ ಊದುವುದಿಲ್ಲವಲ್ಲ. ತಾನೇ ಕಂಪ್ಯೂಟರಿನಲ್ಲಿ ಎರಡೂವರೆ ಎಂದು ಒತ್ತಿದಳು. ಬೀರುವಿನ ಪಕ್ಕದ ಹಳೆಯ ಜಾಗಕ್ಕೆ ತಳ್ಳಿ, ಪಕ್ಕಕ್ಕೆ ಹೊರಳಿಸಿ, ಹೊದಿಕೆ ಹೊದಿಸಿದಳು.

“ಮತ್ತೆ ಬಂದ್ನಾ?” ಎಂದ ಯೂಸೊ, ಅವತ್ತಿನ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಮೂಡದ ತರುಣ. “ಅಲ್ಲಿ ಎದೆನೋವಿನವ್ರು ಕಾಯ್ತಿದಾರೆ. ಮಲಗಿ ಅಮಲು ಇಳಿಸ್ಕೊಳ್ಲಿ, ಸಂಜೆ ನೋಡ್ತೀನಿ.”

ಅವನನ್ನು ತಪ್ಪೆನ್ನುವಂತಿರಲಿಲ್ಲ. ಆ ಹೊತ್ತಿಗೆ ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಗು ಒಡೆದವನು ಭಾವಮೈದುನನಿಗೆ ಫೋನಿನಲ್ಲಿ ಬೈಯುತ್ತಿದ್ದ. ಯಾರೋ ಒದ್ದು ರೈಲಾಳ ಮೊಣಕಾಲ ಕೆಳಗೆ ನೀಲಿಗಟ್ಟಿತ್ತು. ಕುಡಿಯದೆ ಕಾಯಿಲೆ ಬಿದ್ದವರು ಗೋಡೆಗೆ ಒರಗಿ, ತಮ್ಮ ಸರದಿ ಬರುವುದೋ ಇಲ್ಲವೋ ಎಂದು ಬಾಗಿಲು ನೋಡುತ್ತ ಕೂತಿದ್ದರು.

ಅಷ್ಟರಲ್ಲಿ ಓಸ್ಮೊನ ಕೋಟಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. ರೈಲಾ ತೆಗೆದು ನೋಡಿದಳು. ಪಿಹ್ಲಾ ಎಂದಿತ್ತು.

“ಅಪ್ಪ, ಎಲ್ಲಿದೀಯಾ?” ಎಂದು ಅತ್ತ ಕಡೆಯಿಂದ ನಗು ತುಂಬಿದ ದನಿ. ಹಿಂದೆ ಗದ್ದಲ, ಗಾಜಿನ ಸದ್ದು. “ಎಲ್ಲರೂ ಬಂದಾಯ್ತು. ಅಮ್ಮ ಕೇಕ್ ಕತ್ತರಿಸ್ತಾಳಂತೆ. ನೀನು ಬರೋವರ್ಗೂ ಮುಟ್ಬೇಡ ಅಂದಿದೀನಿ.”

“ಪಿಹ್ಲಾ, ನಾನು ರೈಲಾ. ಆಸ್ಪತ್ರೆಯಿಂದ.”

ಅತ್ತ ಕಡೆ ನಗು ಆರಿತು. ಆ ಹೆಸರು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಹತ್ತು ವರ್ಷದವಳಿದ್ದಾಗ ಒಂದು ಕ್ರಿಸ್‌ಮಸ್ ದಿನ ಅಪ್ಪನನ್ನು ಹುಡುಕಿಕೊಂಡು ಫೋನು ಮಾಡಿದ್ದಳು. ಆಗ ರೈಲಾ, “ಅಪ್ಪಂಗೆ ಜ್ವರ ಪುಟ್ಟಿ, ನಾಳೆ ಬರ್ತಾರೆ,” ಎಂದು ಸುಳ್ಳು ಹೇಳಿದ್ದಳು. ಆಮೇಲೆಯೂ ಹೇಳಿದ್ದಳು. ಜಾರಿ ಬಿದ್ದರು, ಸುಸ್ತಾಗಿದೆ, ರಕ್ತದೊತ್ತಡ. ಹುಡುಗಿ ದೊಡ್ಡವಳಾದ ಮೇಲೆ ಒಂದು ದಿನ ಬಾಗಿಲಿಗೇ ಬಂದು, “ನೀವು ಒಂದ್ಸಲ ನಿಜ ಹೇಳಿದ್ರೂ ನಾನು ಅಷ್ಟು ವರ್ಷ ಕಾಯ್ತಿರ್ಲಿಲ್ಲ,” ಎಂದು ಹೇಳಿ ಹೋಗಿದ್ದಳು. ಆ ಮಾತು ರೈಲಾಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

“ಕುಡಿದಿದಾನಾ?” ಎಂದಳು ಈಗ ಪಿಹ್ಲಾ.

ರೈಲಾ ಬೀರುವಿನ ಕಡೆ ನೋಡಿದಳು. ಈ ಸಲ ಮಗುವಿಗೆ ಸುಳ್ಳು ಹೇಳುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದಳು.

“ಹೌದು ಮಗಳೇ,” ಎಂದಳು. “ಕುಡಿದಿದಾನೆ.”

ಫೋನು ಕಟ್ ಆಯಿತು.

ನಿಜ ಹೇಳಿದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಿದಳು, ಹೆಲ್ಲೆವಿ ಅಜ್ಜಿಯನ್ನು ಎಕ್ಸ್‌ರೇಗೆ ಕಳಿಸಿದಳು. ಆಮೇಲೆ ಕಾಲು ತಾನಾಗಿಯೇ ಅಡಿಗೆಕೋಣೆಯ ಕಡೆ ತಿರುಗಿತು. ಸಿಟ್ಟೇನೋ ಇದೆ, ಆದರೂ ಅವನ ಹೊಟ್ಟೆಗೆ ಏನಾದರೂ ಬೀಳಬೇಕಲ್ಲ. ಒಂದು ಕಪ್ ಬ್ಲೂಬೆರಿ ಗಂಜಿ ತಂದು, ಅವನನ್ನು ಎತ್ತಿ ಕೂರಿಸಿ, ಬಲಗೈಯಲ್ಲಿ ಗುಲಾಬಿ ಇದ್ದುದರಿಂದ ಎಡಗೈಗೆ ಕಪ್ಪು ಕೊಟ್ಟಳು. ಎಡಗೈ ಹಿಡಿಯಲಿಲ್ಲ. ತಾನೇ ಅವನ ತುಟಿಗೆ ಹಿಡಿದಳು. ಕಡುನೇರಳೆ ಗಂಜಿ ಬಾಯಿಯ ಎಡತುದಿಯಿಂದ ಗಲ್ಲಕ್ಕೆ, ಗಲ್ಲದಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿಗೆ ಹರಿಯಿತು.

ಓಸ್ಮೊ ತನ್ನ ಅಂಗಿಯನ್ನು ನೋಡಿಕೊಂಡ. ಅವನ ಕಣ್ಣಿನಿಂದ ನೀರು ಇಳಿಯತೊಡಗಿತು. ಬಲಗೈಯಲ್ಲಿದ್ದ ಗುಲಾಬಿಯನ್ನು ಹೊದಿಕೆಯ ಮೇಲೆ ಮೆಲ್ಲಗೆ ಇಟ್ಟ. ಅದೇ ಕೈಯನ್ನು ಚಾಚಿ ರೈಲಾಳ ಎದೆಯ ಜೇಬಿನಿಂದ ಮೀಟರನ್ನು ಕಿತ್ತುಕೊಂಡ.

“ಏಯ್, ಏನ್ ಮಾಡ್ತಿದೀಯಾ?”

ಅವನು ಕೊಳವೆಯನ್ನು ಬಾಯಿಗಿಟ್ಟು ಊದಿದ. ಕೊಳವೆಯನ್ನು ಕಂಡರೆ ಗೋಡೆಯ ಕಡೆ ಹೊರಳುತ್ತಿದ್ದ ಮನುಷ್ಯ, ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಾಗುವಂತೆ ಊದಿದ. ಗಾಳಿಯೆಲ್ಲ ತುಟಿಯ ಎಡತುದಿಯಿಂದ ಪುಸ್ ಎಂದು ಸೋರಿಹೋಯಿತು. ಉಸಿರು ಸಾಲದು ಎಂದು ಮೀಟರು ಪೀಂಗುಟ್ಟಿತು. ಮತ್ತೆ ಊದಿದ, ಮತ್ತೆ ಸೋರಿತು. ಅವನ ಬಾಯಿ ಮುಚ್ಚುತ್ತಿರಲಿಲ್ಲ. ಎಡಗಡೆಯ ಅರ್ಧ ಮುಖ ಜೋತುಬಿದ್ದಿತ್ತು.

ರೈಲಾಳ ಕೈಯಿಂದ ಕಪ್ಪು ಬಿತ್ತು. ಎರಡೂವರೆ ಇದ್ದಾಗ ಪಾದ್ರಿಯ ಹಾಗೆ ಮಾತಾಡುವವನು ಇವತ್ತು ತೊದಲಿದ್ದ. ಅದೊಂದೇ ಸಾಕಿತ್ತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಅದೊಂದೇ ಸಾಕಿತ್ತು.

“ಯೂಸೊ!” ಎಂದು ಅವಳು ಕೂಗಿದ ಕೂಗಿಗೆ ಮೂಗು ಒಡೆದವನು ಬೈಯುವುದನ್ನು ನಿಲ್ಲಿಸಿದ. “ಸ್ಟ್ರೋಕ್! ಓಸ್ಮೊಗೆ ಸ್ಟ್ರೋಕ್ ಆಗಿದೆ!”

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಯೂಸೊ ಓಡಿಬಂದು ಕೈ ಎತ್ತಿಸಿ ನೋಡಿದ, ಕಣ್ಣಿಗೆ ಬೆಳಕು ಬಿಟ್ಟ, ರಕ್ತ ತೆಗೆಸಿ ಸ್ಕ್ಯಾನಿಗೆ ತಳ್ಳಿಸಿದ. ಮಿದುಳಿನಲ್ಲಿ ರಕ್ತ ಸೋರಿರಲಿಲ್ಲ, ಒಂದು ನಾಳದಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಅದನ್ನು ಕರಗಿಸುವ ಔಷಧಿ ಇದೆ. ಆದರೆ ನಾಲ್ಕೂವರೆ ಗಂಟೆ ಮೀರಿದ ಮೇಲೆ ಕೊಟ್ಟರೆ ಅದೇ ಕೊಲ್ಲಬಹುದು.

“ಯಾವಾಗ ಶುರುವಾಯ್ತು ಅಂತ ಗೊತ್ತಾಗ್ಬೇಕು,” ಎಂದ ಯೂಸೊ. “ಕೊನೇ ಸಲ ಯಾವಾಗ ಸರಿಯಾಗಿದ್ದ? ಯಾರಾದ್ರೂ ನೋಡಿದಾರಾ, ಮಾತಾಡಿದಾರಾ? ಗೊತ್ತಿಲ್ದೆ ನಾನು ಕೊಡೋ ಹಾಗಿಲ್ಲ.”

ರೈಲಾ ಓಸ್ಮೊನ ಫೋನು ತೆಗೆದಳು. ಅಂದು ಅವನೊಡನೆ ಮಾತಾಡಿರಬಹುದಾದವಳು ಒಬ್ಬಳೇ, ಪಿಹ್ಲಾ. ಕರೆ ಮಾಡಿದಳು. ಹುಡುಗಿ ಕಟ್ ಮಾಡಿದಳು. ಮತ್ತೆ ಮಾಡಿದಳು. ಮತ್ತೆ ಕಟ್. ಆಸ್ಪತ್ರೆಯ ಫೋನಿನಿಂದ ಮಾಡಿದಾಗ ಎತ್ತಿದ್ದು ಅವಳ ತಾಯಿ ಮೆರ್ವಿ.

“ರೈಲಾ, ಇವತ್ತು ಒಂದು ದಿನ ಆದ್ರೂ ಆ ಮಗೂನ ಬಿಟ್ಬಿಡಿ. ಟಾಯ್ಲೆಟ್ಟಲ್ಲಿ ಬಾಗಿಲು ಹಾಕ್ಕೊಂಡು ಅಳ್ತಿದಾಳೆ. ಹೊರಗೆ ಮನೆ ತುಂಬ ಜನ.”

“ಮೆರ್ವಿ, ತಪ್ಪು ನಂದು. ಓಸ್ಮೊಗೆ ಸ್ಟ್ರೋಕ್ ಆಗಿದೆ. ಇವತ್ತು ಪಿಹ್ಲಾ ಜೊತೆ ಎಷ್ಟೊತ್ತಿಗೆ ಮಾತಾಡ್ದ, ಮಾತು ಸರಿ ಇತ್ತಾ, ಅಷ್ಟು ಕೇಳಿ ಹೇಳು. ಅದು ಗೊತ್ತಾಗ್ದೆ ಔಷಧಿ ಕೊಡೋಕಾಗಲ್ಲ. ಬಾಗಿಲು ಒಡೆದಾದ್ರೂ ಕೇಳು.”

ಬಾಗಿಲು ಬಡಿಯುವ ಸದ್ದು ಕೇಳಿತು. ಗುಸುಗುಸು ಮಾತು. ಆಮೇಲೆ ಮೂಗು ಕಟ್ಟಿದ ದನಿಯಲ್ಲಿ ಪಿಹ್ಲಾ ಮಾತಾಡಿದಳು.

“ಹನ್ನೆರಡು ಗಂಟೆಗೆ. ಚರ್ಚಿನ ಗಂಟೆ ಹೊಡೀತಿತ್ತು, ಫೋನಲ್ಲೂ ಕೇಳಿಸ್ತು. ಬಸ್ ಸ್ಟಾಪಲ್ಲಿದೀನಿ, ಗುಲಾಬಿ ತಗೊಂಡೆ ಅಂದ. ಹುಡುಗರು ವೈನ್ ಬಾಟ್ಲಿ ಅಲ್ಲಾಡಿಸಿ ಎಲ್ಲರ ಮೇಲೂ ಚಿಮುಕಿಸ್ತಿದಾರೆ, ಕೋಟೆಲ್ಲ ಒದ್ದೆ ಆಯ್ತು, ಹೀಗೆ ಬಂದ್ರೆ ನೀನು ನಂಬ್ತೀಯಾ ಅಂತ ಕೇಳ್ದ.”

“ನೀನು ಏನಂದೆ?”

“ಬಾ ನೋಡೋಣ ಅಂದೆ.”

ರೈಲಾ ಯೂಸೊಗೆ ಹನ್ನೆರಡು ಎಂದು ಸನ್ನೆ ಮಾಡಿದಳು. “ಮಾತು ಸ್ಪಷ್ಟ ಇತ್ತಾ?”

“ಅವನ ಮಾತು ಯಾವಾಗ್ಲೂ ಸ್ಪಷ್ಟಾನೇ,” ಎಂದಳು ಹುಡುಗಿ ಕಹಿಯಾಗಿ. “ಅದ್ರಿಂದಾನೇ ಅಲ್ವಾ ನಾವು ಅಷ್ಟು ವರ್ಷ ಮೋಸ ಹೋಗಿದ್ದು.”

ಹೊತ್ತು ಇನ್ನೂ ಮೀರಿರಲಿಲ್ಲ, ಆದರೆ ಉಳಿದದ್ದೂ ಹೆಚ್ಚಿರಲಿಲ್ಲ. ಯೂಸೊ ಔಷಧಿ ಹಾಕಿಸಿದ. ಹನಿ ಹನಿಯಾಗಿ ಅದು ಓಸ್ಮೊನ ತೋಳಿಗೆ ಇಳಿಯುತ್ತಿರುವಾಗ ರೈಲಾ ಪಕ್ಕದಲ್ಲೇ ನಿಂತಿದ್ದಳು. ಅಂಗಿಯ ಮೇಲಿನ ನೇರಳೆ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಅದು ಇನ್ನಷ್ಟು ಹರಡಿತು.

“ಓಸ್ಮೊ,” ಎಂದಳು ಕಿವಿಯ ಹತ್ತಿರ ಬಗ್ಗಿ. “ನಾನು ಅವಳಿಗೆ ನೀನು ಕುಡಿದಿದೀಯಾ ಅಂದ್ಬಿಟ್ಟೆ ಕಣೋ. ನನ್ನ ಬಾಯಿಗೆ ಬೆಂಕಿ ಹಾಕ.”

ಓಸ್ಮೊ ಅವಳನ್ನು ನೋಡಿದ. ಬಲಗೈಯಿಂದ ಅವಳ ಕೈ ತಟ್ಟಿದ. ಅವನೇ ಅವಳನ್ನು ಸಮಾಧಾನ ಮಾಡುತ್ತಿದ್ದ. ಅದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಬೀರುವಿನ ಕಡೆ ತಿರುಗಿ ಒಂದು ಒಗೆದ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಪಿಹ್ಲಾ ಬಂದಾಗ ಔಷಧಿಯ ಬಾಟಲಿ ಖಾಲಿಯಾಗಿತ್ತು. ಬಿಳಿ ಲಂಗ, ಬಿಳಿ ಟೋಪಿ, ಅತ್ತು ಊದಿಕೊಂಡ ಕಣ್ಣು. ತಾಯಿ ಮೆರ್ವಿ ಒಳಗೆ ಬರಲೊಲ್ಲದೆ ಕಾರಿಡಾರಿನ ತುದಿಯಲ್ಲೇ ನಿಂತಳು. ಹೆಲ್ಲೆವಿ ಅಜ್ಜಿ ಹೊಸ ಪ್ಲಾಸ್ಟರಿನ ಕೈ ಎತ್ತಿ, “ಟೋಪಿಗೆ ಶುಭಾಶಯ ಮಗೂ,” ಎಂದಳು. ಹುಡುಗಿಗೆ ಅದು ಕೇಳಿಸಿತೋ ಇಲ್ಲವೋ. ಮಂಚದಿಂದ ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ವೈನಿನ ವಾಸನೆ ಅವಳ ಮೂಗಿಗೆ ಬಡಿದದ್ದು ಮುಖದಲ್ಲೇ ಕಂಡಿತು.

“ಸಾಯ್ತಾನಾ?” ಎಂದಳು.

“ಇಲ್ಲ. ಕಾಲು ಆಗ್ಲೇ ಸ್ವಲ್ಪ ಆಡಿಸ್ತಿದಾನೆ,” ಎಂದಳು ರೈಲಾ. “ಕೈಗೆ, ಮಾತಿಗೆ ಟೈಮ್ ಬೇಕು. ಪಿಹ್ಲಾ, ನಾನು ಆಗ ಫೋನಲ್ಲಿ ಹೇಳಿದ್ದು ಸುಳ್ಳು. ಅವನು ಕುಡಿದಿರ್ಲಿಲ್ಲ.”

“ನೋಡಿದ್ರಾ? ಪರೀಕ್ಷೆ ಮಾಡಿದ್ರಾ?”

“ರಕ್ತ ಕಳಿಸಿದೀವಿ. ಆ ರಿಪೋರ್ಟ್ ಇನ್ನೂ ಬಂದಿಲ್ಲ. ಆದ್ರೆ ನನ್ನ ಮನಸ್ಸಿಗೆ...”

“ನಿಮ್ಮ ಮನಸ್ಸಿಗೆ!” ಹುಡುಗಿಯ ದನಿ ಏರಿತು. “ಕ್ರಿಸ್‌ಮಸ್‌ಗೆ ಜ್ವರ ಅಂದ್ರಿ. ಇವತ್ತು ಮಧ್ಯಾಹ್ನ ಕುಡಿದಿದಾನೆ ಅಂದ್ರಿ. ಈಗ ಕುಡಿದಿಲ್ಲ ಅಂತೀರಾ. ಕಾಯಿಲೆ ಬಿದ್ದ ಅಂತ ಅಯ್ಯೋ ಪಾಪ ಅನಿಸಿ ಹೇಳ್ತಿದೀರಾ ಅಷ್ಟೇ. ನಿಮ್ಮ ಕನಿಕರ ನಂಗೆ ಬೇಡ ರೈಲಾ. ನಂಗೆ ನಿಜ ಬೇಕು.”

ರೈಲಾ ತಲೆ ತಗ್ಗಿಸಿದಳು. ಇಷ್ಟು ವರ್ಷ ಕನಿಕರ ಪಟ್ಟು ಪಟ್ಟು ಅವಳ ಮಾತಿಗೆ ಈಗ ಮೂರು ಕಾಸಿನ ಬೆಲೆಯಿರಲಿಲ್ಲ.

ಆಗ ಮಂಚದ ಮೇಲೆ ಸದ್ದಾಯಿತು. ಓಸ್ಮೊ ಬಲಗೈಯ ಬೆರಳುಗಳಿಂದ ಮಂಚದ ಕಂಬಿಯನ್ನು ಬಡಿಯುತ್ತಿದ್ದ. ಇಬ್ಬರೂ ನೋಡಿದ ಮೇಲೆ ಬೆರಳನ್ನು ತನ್ನ ತುಟಿಗೆ ಇಟ್ಟುಕೊಂಡ. ಆಮೇಲೆ ರೈಲಾಳ ಜೇಬನ್ನು ತೋರಿಸಿದ.

“ಬೇಡ ಓಸ್ಮೊ,” ಎಂದಳು ರೈಲಾ. “ಆಗ್ಲೇ ನೋಡಿದ್ಯಲ್ಲ, ಗಾಳಿ ನಿಲ್ಲಲ್ಲ. ಸುಮ್ನೆ ಯಾಕೆ...”

ಅವನು ಕಂಬಿಯನ್ನು ಇನ್ನೂ ಜೋರಾಗಿ ಬಡಿದ.

ರೈಲಾ ಮೀಟರಿಗೆ ಹೊಸ ಕೊಳವೆ ಸಿಕ್ಕಿಸಿ ಅವನ ಬಾಯಿಗೆ ಹಿಡಿದಳು. ಅವನು ಊದಿದ. ಎಡತುದಿಯಿಂದ ಗಾಳಿ ಪುಸ್ಸೆಂದಿತು, ಜೊಲ್ಲು ಇಳಿಯಿತು. ಮೀಟರು ಪೀಂಗುಟ್ಟಿತು. ಮತ್ತೆ ಉಸಿರೆಳೆದುಕೊಂಡು ಊದಿದ. ಮತ್ತೆ ಪೀಂಗುಟ್ಟಿತು. ಹಣೆಯ ಮೇಲೆ ಬೆವರು ಮೂಡಿತು. ರೈಲಾ ಮೀಟರನ್ನು ಹಿಂದೆ ತೆಗೆಯಹೋದರೆ ಅವನು ಅವಳ ಮಣಿಕಟ್ಟನ್ನು ಹಿಡಿದುಕೊಂಡ, ಬಿಡಲಿಲ್ಲ.

ಪಿಹ್ಲಾ ನೋಡುತ್ತಲೇ ಇದ್ದಳು. ಊದಿ ಊದಿ ಕೆಂಪಾದ ಅಪ್ಪನ ಮುಖವನ್ನು ಅವಳು ಹಿಂದೆ ಒಂದು ಸಲ, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ಹೀಗೆಯೇ ನೋಡಿದ್ದಳು. ಆ ಎರಡು ಹೆಜ್ಜೆಯನ್ನು ದಾಟಿ ಬಂದಳು. ಟೋಪಿ ತೆಗೆದು ಹೊದಿಕೆಯ ಮೇಲೆ, ಗುಲಾಬಿಯ ಪಕ್ಕ ಇಟ್ಟಳು. ಎರಡು ಬೆರಳಿನಿಂದ ಅಪ್ಪನ ಜೋತುಬಿದ್ದ ತುಟಿಯ ತುದಿಯನ್ನು ಕೊಳವೆಗೆ ಒತ್ತಿ ಹಿಡಿದಳು. ಇನ್ನೊಂದು ಅಂಗೈಯನ್ನು ಕೆನ್ನೆಗೆ ಆನಿಸಿದಳು.

“ಈಗ ಊದು,” ಎಂದಳು.

ಓಸ್ಮೊ ಊದಿದ. ಈ ಸಲ ಗಾಳಿ ಸೋರಲಿಲ್ಲ. ಕೊಳವೆಯೊಳಗೆ ಉಸಿರು ಉದ್ದಕ್ಕೆ, ನಡುಗುತ್ತ, ಕೊನೆಯವರೆಗೂ ಹೋಯಿತು. ಮೀಟರು ಒಂದು ಕ್ಷಣ ಸುಮ್ಮನಿದ್ದು ಅಂಕಿ ತೋರಿಸಿತು.

ಸೊನ್ನೆ. ಚುಕ್ಕಿಯ ಹಿಂದೆ ಸೊನ್ನೆ, ಮುಂದೆಯೂ ಸೊನ್ನೆ.

ರೈಲಾ ಮೀಟರನ್ನು ಹುಡುಗಿಯ ಕಣ್ಣಿನ ಮುಂದೆ ಹಿಡಿದಳು. ಪಿಹ್ಲಾ ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು, ಅಂಗಿಯ ಮೇಲಿನ ನೇರಳೆ ಕಲೆಯನ್ನೂ ವೈನಿನಲ್ಲಿ ಒದ್ದೆಯಾದ ಕೋಟನ್ನೂ ಹೊಳೆಯುವ ಬೂಟನ್ನೂ ನೋಡಿದಳು. ಅಳು ಒತ್ತರಿಸಿ ಬಂತು. ಆದರೂ ತುಟಿಯ ಮೇಲಿನ ಬೆರಳುಗಳನ್ನು ತೆಗೆಯಲಿಲ್ಲ.

ಕಾರಿಡಾರಿನ ತುದಿಯ ಕಡೆ ತಿರುಗಿ, “ಅಮ್ಮ, ಬಾ ಇಲ್ಲಿ!” ಎಂದು ಕೂಗಿದಳು. ಆಮೇಲೆ ಬಗ್ಗಿ ಅವನ ಮುಖದ ಹತ್ತಿರ ಮುಖ ತಂದಳು.

“ಅಪ್ಪ,” ಎಂದಳು, “ಇನ್ನೊಂದ್ಸಲ ಊದು. ಅಮ್ಮನೂ ನೋಡ್ಲಿ.”